ಪೋಸ್ಟರ್ ನೋಡಿ ಟೆನಿಸ್ ರಾಕೆಟ್ ಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ಟಿವಿಯಲ್ಲಿ ಗ್ರ್ಯಾನ್‌ಸ್ಲಾಮ್ ಫೈನಲ್ ಬಂದ ಮರುವಾರ, ಇಲ್ಲಾ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಬೆಂಗಳೂರು ಓಪನ್ ಮುಗಿದ ಮರುವಾರ, ನಮ್ಮೂರಿನ ಕೋರ್ಟುಗಳಲ್ಲಿ ಹೊಸ ರಾಕೆಟ್‌ಗಳು ಕಾಣಿಸಿಕೊಳ್ಳುತ್ತವೆ. ಸಂತೋಷವೇ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೂ ಜನ ದುಡ್ಡು ಬಿಚ್ಚುತ್ತಿದ್ದಾರಲ್ಲ. ಆದರೆ ಅದರಲ್ಲಿ ಎಷ್ಟೋ ರಾಕೆಟ್‌ಗಳು ಹಿಡಿದವರ ಕೈಗೆ ಹೊಂದುವಂಥವಲ್ಲ. ಬಣ್ಣ ಚೆನ್ನಾಗಿದೆ, ಅಂಗಡಿ ಗೋಡೆಯ ಪೋಸ್ಟರಿನಲ್ಲಿ ದೊಡ್ಡ ಆಟಗಾರ ಹಿಡಿದಿದ್ದಾನೆ, ಆನ್‌ಲೈನ್‌ನಲ್ಲಿ ಡಿಸ್ಕೌಂಟ್ ಇದೆ, ಇಷ್ಟೇ ಲೆಕ್ಕಾಚಾರ. ಕೆಲವು ತಿಂಗಳಲ್ಲಿ ಅದೇ ಜನ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬರುತ್ತಾರೆ. ಅದಕ್ಕೇ ಈ ಪತ್ರ.

ನಾನು ಕೋಚ್ ಅಲ್ಲ, ಅಂಗಡಿಯವನೂ ಅಲ್ಲ. ದಕ್ಷಿಣ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಬೆಳಗ್ಗೆ ಡಬಲ್ಸ್ ಆಡುವವನು. ಗಟ್ಟಿಂಗ್, ಅಂದರೆ ರಾಕೆಟ್ಟಿಗೆ ಸ್ಟ್ರಿಂಗ್ (ತಂತಿ) ಬಿಗಿಯುವ ಕೆಲಸ, ಮಾಡಲು ಬರುತ್ತದೆ ಅನ್ನುವ ಕಾರಣಕ್ಕೆ ಸುತ್ತಮುತ್ತಲಿನವರ ರಾಕೆಟ್‌ಗಳೆಲ್ಲ ನನ್ನ ಕೈಗೆ ಬರುತ್ತವೆ. ಹಾಗಾಗಿ ಯಾರು ಏನು ಕೊಂಡರು, ಆಮೇಲೆ ಏನಾಯಿತು ಎರಡೂ ಗೊತ್ತಾಗುತ್ತದೆ.

ಪೋಸ್ಟರಿನ ವಿಷಯ ಮೊದಲು ಮುಗಿಸುತ್ತೇನೆ. ದೊಡ್ಡ ಆಟಗಾರರು ಹಿಡಿದಿರುವುದು ನಮಗೆ ಅಂಗಡಿಯಲ್ಲಿ ಸಿಗುವ ರಾಕೆಟ್ಟೇ ಅಂತ ನಂಬಬೇಡಿ. ಅವರಲ್ಲಿ ಎಷ್ಟೋ ಜನ ಕೈಗೆ ಒಗ್ಗಿದ ಹಳೇ ಫ್ರೇಮನ್ನು ವರ್ಷಗಟ್ಟಲೆ ಬಿಡುವುದಿಲ್ಲ, ಕಂಪನಿಯವರು ಅದಕ್ಕೇ ಹೊಸ ಮಾಡೆಲ್ಲಿನ ಬಣ್ಣ ಬಳಿದು ಕೊಡುತ್ತಾರೆ. ಸಾಲದ್ದಕ್ಕೆ ಫ್ರೇಮಿಗೆ ಸೀಸದ ಪಟ್ಟಿ ಅಂಟಿಸಿ, ಹಿಡಿಕೆಯೊಳಗೆ ತೂಕ ತುಂಬಿಸಿ, ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ. ಟೆನಿಸ್ ಬಲ್ಲವರಿಗೆ ಇದೇನೂ ಗುಟ್ಟಲ್ಲ. ದಿನವಿಡೀ ಅಭ್ಯಾಸ ಮಾಡುವ ಇಪ್ಪತ್ತರ ಹುಡುಗನ ತೋಳಿಗೆ ಮಾಡಿದ ರಾಕೆಟ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾರಪೂರ್ತಿ ಕೀಬೋರ್ಡ್ ಕುಟ್ಟಿ ಭಾನುವಾರ ಕೋರ್ಟಿಗೆ ಬರುವವರ ತೋಳಿಗೆ ಹೇಗೆ ಒಪ್ಪೀತು?

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಆಟವನ್ನು ಒಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ನೋಡಿ. ಮುಖ್ಯವಾಗಿ ನೋಡಬೇಕಾದ್ದು ನಿಮ್ಮ ಬೀಸು. ಬೀಸು ಉದ್ದವಾಗಿ, ವೇಗವಾಗಿ ಬರುತ್ತಿದ್ದರೆ ಚೆಂಡಿಗೆ ಬೇಕಾದ ಬಲ ನಿಮ್ಮಿಂದಲೇ ಬರುತ್ತಿದೆ ಅಂತ ಅರ್ಥ. ಆಗ ರಾಕೆಟ್ ಮಾಡಬೇಕಾದ ಕೆಲಸ ಹತೋಟಿ ಅಷ್ಟೇ. ತೆಳು ಫ್ರೇಮು, 95ರಿಂದ 98 ಚದರ ಇಂಚಿನ ತಲೆ (ಸ್ಟ್ರಿಂಗ್ ಇರುವ ಭಾಗ), ಸ್ಟ್ರಿಂಗ್ ಇಲ್ಲದೆ 300 ಗ್ರಾಂ ಅಥವಾ ಸ್ವಲ್ಪ ಜಾಸ್ತಿ ತೂಕ ಇಂಥವರಿಗೆ ಸರಿ. ಬೀಸು ಮೋಟು, ನಿಧಾನ ಇದ್ದರೆ (ನಮ್ಮಲ್ಲಿ ನಲವತ್ತು ದಾಟಿದವರದು ಬಹುತೇಕ ಹೀಗೇ, ಬೇಜಾರು ಮಾಡಿಕೊಳ್ಳಬೇಡಿ) ರಾಕೆಟ್ಟೇ ಸ್ವಲ್ಪ ಬಲ ಕೊಡಬೇಕು. 100ರಿಂದ 107 ಇಂಚಿನ ತಲೆ, ಕೊಂಚ ದಪ್ಪ ಫ್ರೇಮು, 270-285 ಗ್ರಾಂ ನೋಡಿ. ಇಲ್ಲಿ ಅಹಂಕಾರ ಅಡ್ಡ ಬರುತ್ತದೆ. ದೊಡ್ಡ ತಲೆಯ ರಾಕೆಟ್ ಹೊಸಬರಿಗೆ, ಮುದುಕರಿಗೆ ಅನ್ನುವ ಭಾವನೆ ಇದೆ. ಸೆರೆನಾ ವಿಲಿಯಮ್ಸ್ 104 ಇಂಚಿನ ತಲೆಯಲ್ಲಿ ಆಡಿದವರು. ಅವರಿಗೆ ಹೇಳುತ್ತೀರಾ ಹೋಗಿ?

ತಲೆಯ ಗಾತ್ರಕ್ಕೂ ಒಂದು ಇತಿಹಾಸ ಇದೆ. ಮರದ ರಾಕೆಟ್ ಕಾಲದಲ್ಲಿ ಅದು ಸುಮಾರು 65-70 ಚದರ ಇಂಚು ಇತ್ತು. 1976ರಲ್ಲಿ ಪ್ರಿನ್ಸ್ ಕಂಪನಿ 110 ಇಂಚಿನ ರಾಕೆಟ್ ತಂದಾಗ ನಕ್ಕವರು ಬಹಳ ಜನ. ಈಗ ನೂರರ ಆಸುಪಾಸು ಮಾಮೂಲಿ. ಫೆಡರರ್ ಕೂಡ ಬಹಳ ವರ್ಷ 90 ಇಂಚಿನ ಸಣ್ಣ ತಲೆಯಲ್ಲೇ ಆಡಿ, ಮೂವತ್ತೆರಡನೇ ವಯಸ್ಸಿನಲ್ಲಿ, 2014ರಲ್ಲಿ, 97 ಇಂಚಿಗೆ ಬಂದರು. ಸಣ್ಣ ತಲೆಯಲ್ಲಿ ಚೆಂಡು ನಡುಭಾಗ ಬಿಟ್ಟು ಸ್ವಲ್ಪ ಆಚೀಚೆ ತಗುಲಿದರೂ ಹೊಡೆತ ಕೆಡುತ್ತದೆ, ನಡಾಲ್ ಭುಜದೆತ್ತರಕ್ಕೆ ಪುಟಿಸುತ್ತಿದ್ದ ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ಹಾಗೆ ತಿರುಗುವ) ಚೆಂಡಿಗಂತೂ ಫೆಡರರ್ ಅವರ ಒಂಟಿ ಕೈಯ ಬ್ಯಾಕ್‌ಹ್ಯಾಂಡ್ ಒದ್ದಾಡುತ್ತಿತ್ತು. 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಅದೇ ನಡಾಲ್ ಎದುರು ಅದೇ ಬ್ಯಾಕ್‌ಹ್ಯಾಂಡಿನಿಂದ ನೇರವಾಗಿ ಬಾರಿಸಿ ಐದು ಸೆಟ್‌ಗಳಲ್ಲಿ ಗೆದ್ದರು. ಎಲ್ಲಾ ರಾಕೆಟ್ ಮಹಿಮೆ ಅಂತ ನಾನು ಹೇಳುವುದಿಲ್ಲ. ಆದರೆ ಅಂಥವರೇ ವಯಸ್ಸು, ಆಟ ನೋಡಿಕೊಂಡು ಬದಲಾಯಿಸುತ್ತಾರೆ ಅಂದಮೇಲೆ ನಮಗೇನು ಕಷ್ಟ?

ಟಾಪ್‌ಸ್ಪಿನ್ ಹಾಕಿ ಬೇಸ್‌ಲೈನಿನಿಂದಲೇ (ಕೋರ್ಟಿನ ಹಿಂದಿನ ಗೆರೆ) ಆಡುವವರು ಸ್ಟ್ರಿಂಗ್ ಸಾಲುಗಳನ್ನು ಎಣಿಸಿ ನೋಡಲಿ. ಉದ್ದಕ್ಕೆ 16, ಅಡ್ಡಕ್ಕೆ 19 ಇದ್ದರೆ ಕಣ್ಣುಗಳು ಅಗಲ, ಚೆಂಡು ಚೆನ್ನಾಗಿ ಕಚ್ಚಿಕೊಂಡು ತಿರುಗುತ್ತದೆ. 18, 20 ಇದ್ದರೆ ಹೆಣಿಗೆ ಒತ್ತಾಗಿರುತ್ತದೆ, ಚಪ್ಪಟೆಯಾಗಿ ಹೊಡೆಯುವವರಿಗೆ, ಸ್ಲೈಸ್ (ಚೆಂಡನ್ನು ಕೆಳಗಿನಿಂದ ಕೊಯ್ದ ಹಾಗೆ ಹೊಡೆಯುವುದು) ಜಾಸ್ತಿ ಬಳಸುವವರಿಗೆ ಅದರ ಹತೋಟಿ ಇಷ್ಟವಾಗುತ್ತದೆ. ನೆಟ್ ಹತ್ತಿರ ನಿಂತು ವಾಲಿ ಮಾಡುವ (ಚೆಂಡು ಪುಟಿಯುವ ಮುಂಚೆಯೇ ಹೊಡೆಯುವ) ನಮ್ಮಂಥ ಡಬಲ್ಸ್ ಜನಕ್ಕೆ ತೂಕಕ್ಕಿಂತ ತೂಕ ಎಲ್ಲಿದೆ ಅನ್ನುವುದು ಮುಖ್ಯ. ಮಾಮೂಲಿ ರಾಕೆಟ್ 27 ಇಂಚು ಉದ್ದ. ಹದಿಮೂರೂವರೆ ಇಂಚಿನ ಹತ್ತಿರ ಬೆರಳಿನ ಮೇಲೆ ಇಟ್ಟು ನೋಡಿ. ಹಿಡಿಕೆಯ ಕಡೆ ವಾಲಿದರೆ ನೆಟ್ ಬಳಿ ಕೈ ಚುರುಕಾಗಿ ತಿರುಗುತ್ತದೆ. ತಲೆ ಕಡೆ ವಾಲಿದರೆ ತೂಕ ಕಡಿಮೆಯಿದ್ದರೂ ಬೀಸುವಾಗ ಭಾರ ಅನ್ನಿಸುತ್ತದೆ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಮೇಲೆ ನಮ್ಮ ಕ್ಲಬ್ಬಿನ ಅಂಕಲ್‌ಗಳಿಗೆಲ್ಲ ಹುರುಪು ಬಂದಿದೆ, ಅವರು ದಯವಿಟ್ಟು ಈ ಬೆರಳಿನ ಪರೀಕ್ಷೆ ಮಾಡಲಿ.

ಈಗ ಮೊಣಕೈಗೆ ಬರುತ್ತೇನೆ. "ಹಗುರ ಇದ್ರೆ ಕೈಗೆ ಒಳ್ಳೇದು ಸಾರ್" ಅನ್ನುವುದು ಅಂಗಡಿಗಳಲ್ಲಿ ಕೇಳಿಬರುವ ಮಾತು. ಪೂರ್ತಿ ನಿಜ ಅಲ್ಲ. ವೇಗವಾಗಿ ಬರುವ ಚೆಂಡಿಗೆ ತೀರಾ ಹಗುರವಾದ ರಾಕೆಟ್ ಎದುರು ನಿಲ್ಲುವುದಿಲ್ಲ, ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ತಿರುಚಿಕೊಳ್ಳುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ನಿಮ್ಮ ಮಣಿಕಟ್ಟಿಗೆ, ಮೊಣಕೈ ಹೊರಬದಿಯ ಸ್ನಾಯುಗಳಿಗೆ ಬೀಳುತ್ತದೆ. ಹಗುರದ ಜೊತೆಗೆ ಫ್ರೇಮು ಗಡುಸೂ ಆಗಿದ್ದರೆ ಇನ್ನೂ ಕೆಟ್ಟದ್ದು. ಗಡುಸು ಫ್ರೇಮು ಬಾಗುವುದಿಲ್ಲ, ಚೆಂಡಿಗೆ ಬಲ ಜಾಸ್ತಿ ಕೊಡುತ್ತದೆ ನಿಜ, ಆದರೆ ಅದುರುವಿಕೆ ಕೈಗೂ ಬರುತ್ತದೆ. ಕಂಪನಿಗಳ ಮತ್ತು ದೊಡ್ಡ ಮಾರಾಟಗಾರರ ವಿವರ ಪಟ್ಟಿಗಳಲ್ಲಿ ಆರ್‌ಎ ಅಂತ ಫ್ರೇಮಿನ ಗಡುಸು ಹೇಳುವ ಒಂದು ಅಂಕಿ ಹಾಕಿರುತ್ತಾರೆ. ಅರವತ್ತರ ಆಸುಪಾಸು ಇದ್ದರೆ ಮೆದು, ಎಪ್ಪತ್ತರ ಹತ್ತಿರ ಇದ್ದರೆ ಗಡುಸು. ಕೈ ನೋವಿನ ಇತಿಹಾಸ ಇರುವವರು ಬೆಲೆಗಿಂತ ಮೊದಲು ಈ ಅಂಕಿ ಕೇಳಿ. ಇನ್ನು ಸ್ಟ್ರಿಂಗ್ ನಡುವೆ ಸಿಕ್ಕಿಸುವ ಆ ರಬ್ಬರ್ ಗುಂಡಿ ಇದೆಯಲ್ಲ, ಡ್ಯಾಂಪನರ್, ಅದು ಶಬ್ದ ಕಡಿಮೆ ಮಾಡುತ್ತದೆ ಅಷ್ಟೇ. ಮೊಣಕೈ ಉಳಿಸುತ್ತದೆ ಅಂತ ಮಾರುವವರಿಗೆ ನಮಸ್ಕಾರ ಹೇಳಿ ಬನ್ನಿ. ನೋವು ತಡವಾಗಿ ಹೊಡೆಯುವ ಬ್ಯಾಕ್‌ಹ್ಯಾಂಡಿನಿಂದಲೂ ಬರುತ್ತದೆ. ಅದಕ್ಕೆ ರಾಕೆಟ್ ಬದಲಾಯಿಸಿ ಪ್ರಯೋಜನವಿಲ್ಲ, ಕೋಚ್ ಹತ್ತಿರ ಹೋಗಬೇಕು.

ಫ್ರೇಮಿಗೆ ಹದಿನೈದು ಇಪ್ಪತ್ತು ಸಾವಿರ ಸುರಿದು, ಗಟ್ಟಿಂಗ್ ವಿಷಯಕ್ಕೆ ಬಂದರೆ "ಏನಾದ್ರೂ ಹಾಕಿ" ಅನ್ನುವವರನ್ನು ಕಂಡರೆ ನನಗೆ ಆಶ್ಚರ್ಯ. ಚೆಂಡಿಗೆ ತಗುಲುವುದು ಅದೇ ಅಲ್ವಾ! ಪಾಲಿಯೆಸ್ಟರ್ ಸ್ಟ್ರಿಂಗ್ ಈಗ ಫ್ಯಾಷನ್. ಅದು ಗಡುಸು, ಬೀಸಿ ಬೀಸಿ ಹೊಡೆದು ಪದೇಪದೇ ಸ್ಟ್ರಿಂಗ್ ಕಡಿಯುವವರಿಗೆ, ಭಾರೀ ಸ್ಪಿನ್ ಹಾಕುವವರಿಗೆ ಸರಿ. ಅದರ ಇನ್ನೊಂದು ಗುಣ, ಕಡಿಯುವ ಮುಂಚೆಯೇ ಸತ್ತುಹೋಗುತ್ತದೆ. ಬಿಗಿ ಹೋಗಿರುತ್ತದೆ, ಪುಟಿತ ಹೋಗಿರುತ್ತದೆ, ಕಡಿದಿಲ್ಲವಲ್ಲ ಅಂತ ಜನ ವರ್ಷಗಟ್ಟಲೆ ಅದರಲ್ಲೇ ಆಡುತ್ತಾರೆ, ಕೈ ನೋಯಿಸಿಕೊಳ್ಳುತ್ತಾರೆ. ವಾರಕ್ಕೆ ಒಂದೆರಡು ಸಲ ಆಡುವವರಿಗೆ ಸಿಂಥೆಟಿಕ್ ಗಟ್ (ನೈಲಾನ್ ಸ್ಟ್ರಿಂಗ್) ಅಥವಾ ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಸ್ಟ್ರಿಂಗ್) ಸಾಕು, ಕೈಗೂ ಹಿತ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಮಾಡಿಸಿ ಅನ್ನುವ ಹಳೇ ಲೆಕ್ಕ ಈಗಲೂ ನಡೆಯುತ್ತದೆ. ಮತ್ತೆ, ರಾಕೆಟ್ ಬ್ಯಾಗನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಆಫೀಸಿಗೆ ಹೋಗಬೇಡಿ. ಕಾರಿನ ಕಾವಿಗೆ ಬಿಗಿ ಸಡಿಲವಾಗುತ್ತದೆ.

ಎಷ್ಟು ಪೌಂಡ್ ಬಿಗಿ ಹಾಕಬೇಕು ಅಂತ ಫ್ರೇಮಿನ ಮೇಲೇ ಬರೆದಿರುತ್ತದೆ, 50ರಿಂದ 60 ಅಂತಲೋ 46ರಿಂದ 55 ಅಂತಲೋ. ಬಿಗಿ ಕಡಿಮೆ ಮಾಡಿದರೆ ಚೆಂಡು ಚಿಮ್ಮುತ್ತದೆ, ಕೈಗೆ ಮೆದು. ಜಾಸ್ತಿ ಮಾಡಿದರೆ ಹತೋಟಿ. ನಡುವಿನ ಅಂಕಿಯಿಂದ ಶುರು ಮಾಡಿ, ಚೆಂಡು ಗೆರೆ ದಾಟುತ್ತಿದ್ದರೆ ಎರಡು ಪೌಂಡ್ ಏರಿಸಿ. ಇಲ್ಲಿ ಬೆಂಗಳೂರಿನದೇ ಒಂದು ವಿಶೇಷ ಇದೆ. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಸ್ವಲ್ಪ ತೆಳು, ಚೆಂಡಿಗೆ ತಡೆ ಕಡಿಮೆ, ಪುಟಿತವೂ ಕೊಂಚ ಜಾಸ್ತಿ. ಮಂಗಳೂರಿನಿಂದಲೋ ಚೆನ್ನೈನಿಂದಲೋ ಬಂದವರ ಚೆಂಡು ಮೊದಲ ದಿನ ಬೇಸ್‌ಲೈನ್ ಆಚೆ ಬೀಳುವುದು ಇದಕ್ಕೇ, ಅವರ ಆಟ ಕೆಟ್ಟಿರುವುದಿಲ್ಲ. ಎತ್ತರದ ಊರುಗಳಿಗೆ ಅಂತಲೇ ಬೇರೆ ಚೆಂಡು ಇದೆ, ಆದರೆ ನಿಯಮದ ಪ್ರಕಾರ ಅದು 1219 ಮೀಟರ್ ದಾಟಿದ ಜಾಗಗಳಿಗೆ. ನಾವು ನಡುವೆ ಸಿಕ್ಕಿಕೊಂಡವರು, ಮಾಮೂಲಿ ಚೆಂಡಿನಲ್ಲೇ ಆಡಬೇಕು. ಹಾಗಾಗಿ ಕರಾವಳಿಯ ಸ್ನೇಹಿತ ಹೇಳಿದ ರಾಕೆಟ್, ಅವನು ಹೇಳಿದ ಬಿಗಿ, ಎರಡನ್ನೂ ಕಣ್ಣು ಮುಚ್ಚಿ ಇಲ್ಲಿ ತರಬೇಡಿ. ಮಳೆಗಾಲದಲ್ಲಿ ಮಣ್ಣಿನ ಕೋರ್ಟಿನಲ್ಲಿ ಆಡುವವರದು ಇದರ ಉಲ್ಟಾ. ಚೆಂಡು ಒದ್ದೆಯಾಗಿ ಭಾರವಾಗುತ್ತದೆ, ಆಗ ಒಂದೆರಡು ಪೌಂಡ್ ಇಳಿಸಿದರೆ ತೋಳಿಗೆ ಆರಾಮ.

ಗ್ರಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಡಿಕೆಯ ಬುಡದಲ್ಲಿ ಸಾಮಾನ್ಯವಾಗಿ 1ರಿಂದ 4ರವರೆಗೆ ಅಂಕಿ ಇರುತ್ತದೆ, 2 ಅಂದರೆ ನಾಲ್ಕೂಕಾಲು ಇಂಚು ಸುತ್ತಳತೆ. ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸಬೇಕು. ಅನುಮಾನ ಇದ್ದರೆ ಸಣ್ಣದೇ ತಗೊಳ್ಳಿ. ಮೇಲೆ ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪ ಇದ್ದದ್ದನ್ನು ಸಣ್ಣ ಮಾಡುವುದು ಕಷ್ಟ.

ನನಗೆ ನಿಜವಾಗಿ ಸಿಟ್ಟು ಬರುವುದು ಮಕ್ಕಳ ವಿಷಯದಲ್ಲಿ. ಈಚೆಗೆ ನಗರದ ಒಂದು ಅಂಗಡಿಯಲ್ಲಿ ನನ್ನ ಕಣ್ಣೆದುರೇ ಏಳೆಂಟು ವರ್ಷದ ಹುಡುಗಿಗೆ 27 ಇಂಚಿನ ದೊಡ್ಡವರ ರಾಕೆಟ್ ಕೊಟ್ಟು ಕಳಿಸಿದರು. "ಬೆಳೆಯೋ ಮಗು ಮೇಡಂ, ಮತ್ತೆ ಮತ್ತೆ ಯಾಕೆ ಖರ್ಚು" ಅಂದರು. ತಾಯಿ ಒಪ್ಪಿದರು. ಸ್ಕೂಲ್ ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದು ಹೊಲಿಸಿದ ಹಾಗೆ! ಯೂನಿಫಾರ್ಮ್ ದೊಗಳೆ ಆದರೆ ಏನೂ ಆಗುವುದಿಲ್ಲ. ರಾಕೆಟ್ ದೊಡ್ಡದಾದರೆ ಮಗು ಅದನ್ನು ಎತ್ತಲಾಗದೆ ಮಣಿಕಟ್ಟಿನಿಂದ ಎಳೆದು ಎಳೆದು ಹೊಡೆಯುವುದು ಕಲಿಯುತ್ತದೆ, ಆ ಅಭ್ಯಾಸ ಬಿಡಿಸಲು ಕೋಚ್‌ಗೆ ವರ್ಷಗಳು ಬೇಕು. ಮಕ್ಕಳಿಗೆ 19, 21, 23, 25, 26 ಇಂಚಿನವು ಸಿಗುತ್ತವೆ. ಆರರಿಂದ ಎಂಟು ವರ್ಷದವರಿಗೆ ಸಾಮಾನ್ಯವಾಗಿ 23, ಎಂಟರಿಂದ ಹತ್ತರವರಿಗೆ 25, ಆದರೆ ವಯಸ್ಸಿಗಿಂತ ಎತ್ತರ ನೋಡಿ. ಮಗು ನೇರ ನಿಂತು ಕೈ ಇಳಿಬಿಟ್ಟು ರಾಕೆಟ್ ಹಿಡಿದಾಗ ತುದಿ ನೆಲಕ್ಕೆ ಉಜ್ಜಬಾರದು. ಚೆಂಡೂ ಅಷ್ಟೇ. 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮದಲ್ಲಿ ಹತ್ತು ವರ್ಷದೊಳಗಿನ ಮಕ್ಕಳ ಪಂದ್ಯಗಳಿಗೆ ನಿಧಾನವಾಗಿ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಚೆಂಡುಗಳೇ ಬೇಕು. ಮಗುವಿನ ತರಬೇತಿಯಲ್ಲಿ ಬರೀ ಹಳದಿ ಚೆಂಡೇ ಕಂಡರೆ ಯಾಕೆ ಅಂತ ಕೇಳುವ ಹಕ್ಕು ಪೋಷಕರಿಗಿದೆ.

ನಗರದ ಕ್ರೀಡಾ ಅಂಗಡಿಯವರಿಗೆ, ಅಕಾಡೆಮಿಗಳಿಗೆ ನನ್ನದೊಂದು ಕೋರಿಕೆ. ನಾಲ್ಕೈದು ಬಗೆಯ ಡೆಮೊ ರಾಕೆಟ್ ಇಟ್ಟುಕೊಳ್ಳಿ. ಒಂದು ವಾರಕ್ಕೆ ಇಷ್ಟು ಅಂತ ಬಾಡಿಗೆ ತಗೊಳ್ಳಿ, ಕೊಂಡರೆ ಆ ದುಡ್ಡು ಬೆಲೆಯಲ್ಲಿ ಕಳೆಯಿರಿ. ಹೊರದೇಶಗಳಲ್ಲಿ ಇದು ಮಾಮೂಲು. ಅಂಗಡಿಯೊಳಗೆ ನಾಲ್ಕು ಸಲ ಗಾಳಿಗೆ ಬೀಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕನಿಷ್ಠ ಎರಡು ಸೆಟ್ ಆಡಬೇಕು, ಸರ್ವ್ ಮಾಡಬೇಕು, ಸುಸ್ತಾದ ಮೇಲೆ ಇನ್ನೊಂದು ಗೇಮ್ ಆಡಬೇಕು. ಸುಸ್ತಾದಾಗಲೇ ಭಾರ ಗೊತ್ತಾಗುವುದು. ಅಲ್ಲಿಯವರೆಗೆ ಕ್ಲಬ್ಬಿನ ಸ್ನೇಹಿತರದ್ದೇ ಕೇಳಿ ಆಡಿ ನೋಡಿ, ಯಾರೂ ಇಲ್ಲ ಅನ್ನುವುದಿಲ್ಲ.

ನಿಮಗೂ ಒಂದು ಮಾತು, ಸಂಪಾದಕರೇ. ಕ್ರೀಡಾ ಪುಟದಲ್ಲಿ ಸ್ಕೋರು, ಫೋಟೊ ಚೆನ್ನಾಗಿ ಬರುತ್ತವೆ. ವಾರಕ್ಕೊಮ್ಮೆ ಕಾಲು ಪುಟ ಆಡುವವರಿಗೂ ಕೊಡಿ. ರಾಕೆಟ್, ಶೂ, ಮೊಣಕೈ, ಮಂಡಿ, ಕೋರ್ಟ್ ಬಾಡಿಗೆ, ಏನಾದರೂ ಸರಿ. ಬೇಸಿಗೆ ಶಿಬಿರಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಮಾರ್ಚ್ ಕೊನೆಗೇ ಪೋಷಕರು ಅಂಗಡಿಗೆ ಹೋಗುತ್ತಾರೆ. ಮೊದಲ ಕಂತು ಮಕ್ಕಳ ರಾಕೆಟ್ ಅಳತೆಯ ಬಗ್ಗೆ, ಅದಕ್ಕಿಂತ ಮುಂಚೆ ಬಂದರೆ ಒಳ್ಳೆಯದು.

ಇಂತಿ,
ಒಬ್ಬ ಟೆನಿಸ್ ಆಟಗಾರ, ಬೆಂಗಳೂರು