ಕಸ್ಟಮರ್ ಕೇರ್ ನಂಬರ್ ಹುಡುಕುವ ಮೊದಲು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಬಾಡಿಗೆ ದುಡ್ಡಿನ ವಿಷಯ ನಿನ್ನಮ್ಮ ಹೇಳಿದಳು. ಖಾತೆಯಿಂದ ಹಣ ಹೋಗಿದೆ, ಓನರ್‌ಗೆ ಸೇರಿಲ್ಲ, ಬ್ರಾಂಚ್‌ಗೆ ಹೋದರೆ ‘ಸರ್ವರ್ ಡೌನ್, ನಾಳೆ ಬನ್ನಿ’ ಅಂದರಂತೆ. ಅರ್ಧ ದಿನ ರಜೆ ಹಾಕಿ ಹೋದವಳಿಗೆ ಮೈ ಉರಿಯದೆ ಇರುತ್ತಾ? ಆದರೆ ರಾತ್ರಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾ ಕೂತಿದ್ದೆ ಅಂತ ಕೇಳಿ ನನಗೆ ಎದೆ ಧಸಕ್ ಅಂತು. ಅದಕ್ಕೇ ಈ ಪತ್ರ.

ಮೋಸಗಾರರು ಹೊಂಚು ಹಾಕುವುದು ಇಂಥ ಹೊತ್ತಿಗೇ. ಬ್ಯಾಂಕಿನ ನಂಬರಿಗೆ ಫೋನ್ ಮಾಡಿದರೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಅಂತ ಸುತ್ತಿಸುತ್ತಾರೆ. ಗೂಗಲ್‌ನಲ್ಲಿ ಈ ಮೋಸಗಾರರು ಹಾಕಿಟ್ಟ ಸುಳ್ಳು ನಂಬರಿಗೆ ಮಾಡಿದರೆ ಒಂದೇ ರಿಂಗಿಗೆ ಎತ್ತುತ್ತಾರೆ. ‘ಮೇಡಂ, ಹತ್ತೇ ನಿಮಿಷದಲ್ಲಿ ವಾಪಸ್ ಹಾಕಿಸ್ತೀವಿ, ಒಂದು ಆ್ಯಪ್ ಇಳಿಸ್ಕೊಳ್ಳಿ’ ಅಂತ ನಯವಾಗಿ ಮಾತಾಡುತ್ತಾರೆ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿ ಅವರು ಹೇಳಿದ್ದನ್ನೆಲ್ಲ ಒತ್ತಿದರೆ ನಿನ್ನ ಫೋನಿನಲ್ಲಿ ಕಾಣುವುದೆಲ್ಲ ಅವರಿಗೂ ಕಾಣುತ್ತೆ, ಓಟಿಪಿ ಸಮೇತ. ಆಮೇಲೆ ‘ಹಣ ಬರೋಕೆ ಪಿನ್ ಹಾಕಿ’ ಅನ್ನುತ್ತಾರೆ. ಯುಪಿಐನಲ್ಲಿ ಹಣ ಬರೋಕೆ ಪಿನ್ ಬೇಕಾಗಿಲ್ಲ, ಪುಟ್ಟಿ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಅಂತಲೇ ಲೆಕ್ಕ. ಬ್ಯಾಂಕಿನ ನಂಬರ್ ಬೇಕಾದರೆ ನಿನ್ನ ಡೆಬಿಟ್ ಕಾರ್ಡಿನ ಹಿಂದೆಯೇ ಇದೆ.

ನಿನ್ನ ಬಾಡಿಗೆ ಹಣಕ್ಕೆ ಇಷ್ಟು ಗಾಬರಿ ಬೇಕಿರಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಯುಪಿಐ ಹಣ ಅಲ್ಲಿ ಜಮಾ ಆಗದಿದ್ದರೆ ಮರುದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಕೇಳಿದರೆ ಮಾತ್ರ ಅಂತಲ್ಲ, ಕೇಳದೆಯೇ ಕೊಡಬೇಕು. ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಕಡಿತ ಆದರೆ ಐದು ದಿನದ ಗಡುವು, ಆಮೇಲೆ ಅದೇ 100 ರೂಪಾಯಿ. ಇದು ಕೌಂಟರ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಹಾಗಾಗಿ ಬರೀ ಬಾಯಿಮಾತಲ್ಲಿ ಕೇಳಿ ಬರಬೇಡ. ಆ್ಯಪ್‌ನಲ್ಲೇ ದೂರು ಹಾಕು, ಯುಪಿಐ ರೆಫರೆನ್ಸ್ ನಂಬರ್ ಬರೆದಿಟ್ಟುಕೋ. ಬ್ರಾಂಚ್‌ಗೆ ಅರ್ಜಿ ಕೊಟ್ಟರೆ ಜೆರಾಕ್ಸ್ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೋ. ಮುಖ ಗಂಟಿಕ್ಕಿದರೂ ಪರವಾಗಿಲ್ಲ, ನಿಂತು ಹಾಕಿಸಿಕೋ. 30 ದಿನ ಕಳೆದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ಆಗ ಈ ಸೀಲಿನ ಬೆಲೆ ಗೊತ್ತಾಗುತ್ತೆ.

ಅಕಸ್ಮಾತ್ ಮೋಸ ಹೋದೆ ಅಂತಿಟ್ಟುಕೋ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಕೂಡಲೇ ಬ್ಯಾಂಕಿಗೆ. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತೆ. ಯಾರೋ ಡ್ರಾ ಮಾಡುವ ಮೊದಲು ತಡೆ ಹಾಕಿಸಬೇಕು. ಅದಕ್ಕೆ ಮೊದಲ ಒಂದೆರಡು ಗಂಟೆಯೇ ಮುಖ್ಯ. ಓಟಿಪಿ ನಾವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ. ಅಪ್ಪ ಬೈತಾರೆ ಅಂತ ರಾತ್ರಿಯಿಡೀ ಮುಚ್ಚಿಟ್ಟುಕೊಂಡು ಅಳಬೇಡ. ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡು, ಒಂದು ಮಾತೂ ಬೈಯುವುದಿಲ್ಲ.

ಇನ್ನೊಂದು ಕೆಲಸ ಇದೆ. ಮುಂದಿನ ಸಲ ಊರಿಗೆ ಬಂದಾಗ ಅಜ್ಜಿಯ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಡು, ಅಂದರೆ ಅವರ ಬೆರಳಚ್ಚನ್ನು ಯಾರೂ ಬಳಸದಂತೆ ಬೀಗ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಖಾತೆಯಿಂದ ಓಟಿಪಿಯೇ ಇಲ್ಲದೆ ಹಣ ಹೋಗಿತ್ತು, ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಆಧಾರ್ ಮೂಲಕ ತೆಗೆದಿದ್ದರು. ನಮ್ಮ ಜಮೀನು ಪತ್ರಕ್ಕೂ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರಲ್ವಾ? ಆದರೆ ರೇಷನ್ ಅಂಗಡಿಯಲ್ಲೂ ಅವರು ಬೆರಳು ಇಡಬೇಕು, ಆ ದಿನ ಲಾಕ್ ತೆಗೆಯುವುದು ಹೇಗೆ ಅಂತ ನನಗೂ ತೋರಿಸಿ ಹೋಗು. ಅವರ ಆಧಾರ್‌ಗೆ ಇರುವುದು ಹಳೇ ಮೊಬೈಲ್ ನಂಬರ್. ಅದನ್ನು ಮೊದಲು ಬದಲಾಯಿಸಬೇಕು, ಶನಿವಾರವೇ ಬಂದರೆ ಒಳ್ಳೆಯದು.

ನಿನ್ನ ದೊಡ್ಡಪ್ಪ