ಲಿಚ್ ಎದುರಾಗುವ ಮುಂಚೆ

ಪ್ರೀತಿಯ ಪುಟ್ಟಿ,

ನೀನು ನಡೆಸುವ ಭಾನುವಾರದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಲಿಚ್ (ಸತ್ತೂ ಸಾಯದ ಮಾಂತ್ರಿಕ) ಬರ್ತಾನೆ, ಗೆಳತಿಯ ಮಂತ್ರಗಾತಿ ಪಾತ್ರ, ಆ ವಿಜರ್ಡ್, 17ನೇ ಲೆವೆಲ್ ಮುಟ್ಟಿದ್ದಾಳೆ, ಶತ್ರುವನ್ನು ಮಾಯಾ ಪಂಜರದಲ್ಲಿ ಕೂಡಿಹಾಕುವ ಅವಳ ಸ್ಪೆಲ್ ಫೋರ್ಸ್‌ಕೇಜ್ ಬೇಡ ಅಂದುಬಿಡಲಾ ಅಂತ ಕೇಳಿದ್ದೀಯ. ಹಾಗೆ ಮಾಡಬೇಡ ಮಗಳೇ. ದೊಡ್ಡ ಇಲಿ ಕಚ್ಚಿದರೂ ನೆಲಕ್ಕುರುಳುತ್ತಿದ್ದ ಪಾತ್ರವನ್ನು ಅವಳು ಇಲ್ಲಿಯವರೆಗೆ ಜೋಪಾನವಾಗಿ ತಂದಿದ್ದಾಳೆ. ಆ ಶಕ್ತಿ ಅವಳ ಸಂಪಾದನೆ.

ನಿನ್ನ ಹೆದರಿಕೆಗೆ ಕಾರಣ ಇಲ್ಲದಿಲ್ಲ. ನೀವು ಆಡುತ್ತಿರುವ 2014ರ ನಿಯಮದಲ್ಲಿ ಆ ಪಂಜರಕ್ಕೆ ಸಿಕ್ಕಿಬೀಳದಿರಲು ಸೇವ್ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ಇಲ್ಲ, ಹಾಕಿದವಳಿಗೆ ಕಾನ್ಸಂಟ್ರೇಶನ್ (ಸ್ಪೆಲ್ ಉಳಿಸಲು ಗಮನ ಹಿಡಿದಿಡುವುದು) ಬೇಕಿಲ್ಲ, ಸ್ಪೆಲ್ ಅಳಿಸುವ ಡಿಸ್ಪೆಲ್ ಮ್ಯಾಜಿಕ್‌ಗೂ ಅದು ಜಗ್ಗದು. ಆದರೆ ಲಿಚ್‌ನ ಸ್ಪೆಲ್ ಪಟ್ಟಿ ಇನ್ನೊಮ್ಮೆ ಓದು. ಥಟ್ಟನೆ ಬೇರೆಡೆಗೆ ಹಾರುವ ಡೈಮೆನ್ಶನ್ ಡೋರ್ ಇದೆ. ಟೆಲಿಪೋರ್ಟ್ ಆಗಿ ಹೊರಬರಲು ಕರಿಸ್ಮಾ ಸೇವ್ ಹಾಕಬೇಕು, ಸೋತರೆ ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವ್ ಅನ್ನು ದಿನಕ್ಕೆ ಮೂರು ಸಲ ಗೆಲುವಾಗಿಸುವ ಶಕ್ತಿ) ಖರ್ಚು ಮಾಡಿ ಗೆಲ್ಲುತ್ತಾನೆ. ಎದುರಾಳಿಯ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್ ಕೂಡ ಇದೆ, ಅದು 60 ಅಡಿಯೊಳಗೆ ಮಾತ್ರ. ಫೋರ್ಸ್‌ಕೇಜ್ 100 ಅಡಿಯಿಂದ ಬೀಳುತ್ತದೆ. ಹಾಗಾಗಿ ಉದ್ದನೆಯ ಬಯಲು ಹಜಾರ ಬರೆಯಬೇಡ. ಕಂಬಗಳು, ತಿರುವುಗಳು ಇರಲಿ. ಅವನನ್ನು ನೋಡಬೇಕೆಂದರೆ ಹತ್ತಿರ ಬರಲೇಬೇಕು. ಮುಂಚೆ ಎರಡು ಮೂರು ಕಾದಾಟ ಇಡು, ನಡುವೆ ಲಾಂಗ್ ರೆಸ್ಟ್ (ಖರ್ಚಾದ ಸ್ಪೆಲ್ ಶಕ್ತಿ ಮರಳಿಸುವ ದೀರ್ಘ ವಿಶ್ರಾಂತಿ) ಸಿಗದಿರಲಿ. ಫೋರ್ಸ್‌ಕೇಜ್‌ಗೆ ಬೇಕಾದ ಏಳನೇ ಲೆವೆಲ್ಲಿನ ಸ್ಲಾಟ್ (ಸ್ಪೆಲ್ ಹಾಕುವ ಅವಕಾಶ) ಅವಳಿಗಿರುವುದು ಒಂದು, ಮೀಟಿಯರ್ ಸ್ವಾರ್ಮ್‌ಗೆ ಬೇಕಾದ ಒಂಬತ್ತನೆಯದೂ ಒಂದೇ.

ಹಿಟ್ ಪಾಯಿಂಟ್ (ಪ್ರಾಣಬಲದ ಅಂಕಿ) ವಿಚಾರ ಬೇರೆ. ಉಲ್ಕೆ ಸುರಿಸುವ ಮೀಟಿಯರ್ ಸ್ವಾರ್ಮ್‌ನ ಆರು ಮುಖದ 40 ದಾಳ ಸರಾಸರಿ 140 ಹೊಡೆಯುತ್ತದೆ, ಲಿಚ್‌ಗೆ ಇರುವುದು 135. ಆ 135 ಬರೀ ಸರಾಸರಿ. ಅವನ ಎಂಟು ಮುಖದ 18 ದಾಳಗಳನ್ನೂ ಪೂರ್ತಿ ಲೆಕ್ಕ ಹಿಡಿದು, ಮೇಲಿನ 54 ಕೂಡಿಸಿದರೆ 198 ಆಗುತ್ತದೆ. ಅದನ್ನೇ ಬರೆದುಕೋ, ಆದರೆ ಆಟಕ್ಕೆ ಮುಂಚೆ. ಕಾಳಗದ ಮಧ್ಯೆ ಗುಟ್ಟಾಗಿ ಏರಿಸುವುದು ನನಗೆ ಒಪ್ಪಿಗೆಯಿಲ್ಲ. ಅವರು ನಿಜವಾದ ದಾಳ ಎಸೆಯುತ್ತಿದ್ದಾರೆ, ನಿನ್ನ ಅಂಕಿಯೂ ನಿಜವಾಗಿರಬೇಕು.

ಹೌಸ್ ರೂಲ್ (ನೀವೇ ಮಾಡಿಕೊಳ್ಳುವ ನಿಯಮ) ಬೇಕೇ ಬೇಕಾದರೆ ಎರಡು ಸಾಕು. 2024ರ ಪುಸ್ತಕದಲ್ಲಿ ಫೋರ್ಸ್‌ಕೇಜ್‌ಗೆ ಕಾನ್ಸಂಟ್ರೇಶನ್ ಸೇರಿಸಿದ್ದಾರೆ, ಅದಷ್ಟನ್ನು ತಗೋ. ಆಗ ವಿಜರ್ಡ್‌ಗೆ ಪೆಟ್ಟು ಬಿದ್ದರೆ ಪಂಜರ ಕಳಚಬಹುದು, ಅವಳನ್ನು ಕಾಯುವ ಕೆಲಸ ಫೈಟರ್‌ಗೆ ಸಿಗುತ್ತದೆ. ಎರಡನೆಯದು ಲೆಜೆಂಡರಿ ರೆಸಿಸ್ಟೆನ್ಸ್‌ಗೆ. ಒಳ್ಳೆಯ ಸ್ಪೆಲ್ ಹಾಕಿದವಳಿಗೆ “ಇಲ್ಲ, ತಾಗಲಿಲ್ಲ” ಅಂತ ಮೂರು ಸಲ ಹೇಳಿದರೆ ಮುಖ ಬಾಡುತ್ತದೆ. ಅವನು ಅದನ್ನು ಬಳಸಿದಾಗಲೆಲ್ಲ ಕಿರೀಟದ ಒಂದು ಹರಳು ಎಲ್ಲರಿಗೂ ಕಾಣುವಂತೆ ಸಿಡಿಯಲಿ, ಆರ್ಮರ್ ಕ್ಲಾಸ್ (ಪೆಟ್ಟು ತಾಗಲು ಮುಟ್ಟಬೇಕಾದ ಅಂಕಿ) 17ರಿಂದ ಒಂದೊಂದೇ ಇಳಿಯಲಿ. ವ್ಯರ್ಥವಾಯಿತು ಅನ್ನಿಸಿದ ಸ್ಪೆಲ್ ಪಕ್ಕದವನ ಕತ್ತಿಗೆ ದಾರಿ ಮಾಡಿಕೊಡುತ್ತದೆ. ಎರಡನ್ನೂ ಶನಿವಾರವೇ ಎಲ್ಲರಿಗೂ ತಿಳಿಸು. ಗೆಳತಿಗೆ ಮೊದಲು, ಒಬ್ಬಳಿಗೇ ಫೋನ್ ಮಾಡಿ ಕೇಳು. ಅವಳು ಒಪ್ಪದಿದ್ದರೆ ಮೊದಲನೆಯದನ್ನು ಬಿಟ್ಟುಬಿಡು.

ಇಷ್ಟಾದ ಮೇಲೂ ಮೊದಲ ಸುತ್ತಿಗೇ ಅವನು ಸತ್ತರೆ ಸಾಯಲಿ, ಅವರು ಕುಣಿದಾಡಲಿ. ಅವನ ಫೈಲ್ಯಾಕ್ಟರಿ (ಆತ್ಮವನ್ನು ಅಡಗಿಸಿಟ್ಟ ವಸ್ತು) ಉಳಿದಿದ್ದರೆ ಹೆಚ್ಚೆಂದರೆ ಹತ್ತು ದಿನದಲ್ಲಿ ಹೊಸ ದೇಹದಲ್ಲಿ ಎದ್ದು ಬರ್ತಾನೆ. ಅದನ್ನು ಎಲ್ಲಿ ಬಚ್ಚಿಟ್ಟಿದ್ದಾನೆ ಅಂತ ಈಗಲೇ ಯೋಚಿಸಿಡು.

ನಿನ್ನ
ಅಮ್ಮ