ಮಂಜಿನಡಿಯಿಂದ ಎತ್ತಿದವರಿಗೆ, ಹಟ್ಟಿಯಿಂದ

ಊರಿಗೆ ಬಂದು ಹತ್ತು ದಿನ ಆಯಿತು. ಹಟ್ಟಿಯಲ್ಲಿ ಸಿಕ್ಕವರೆಲ್ಲ ಮೊದಲು ನನ್ನ ಕೈಕಾಲು ನೋಡುತ್ತಾರೆ, ಆಮೇಲೆ ಮುಖ. "ಎಲ್ಲಾ ಸರಿ ಅದಾವಲ್ಲೋ?" ಸರಿ ಇವೆ. ಎಡ ಭುಜ ಚಳಿಗೆ ಸ್ವಲ್ಪ ನೋಯುತ್ತದೆ. ರಾಯಚೂರು ಜಿಲ್ಲೆಯಲ್ಲಿ ಚಳಿ ಎಲ್ಲಿದೆ ಬಿಡಿ. ಆದರೆ ಬಾಯಿಂದ ಬಾಯಿಗೆ ಕತೆ ಬೆಳೆಯುತ್ತಿದೆ. ನಾನು ಮೂರು ದಿನ ಮಂಜಿನಡಿ ಇದ್ದೆ ಅಂತ ಮೊನ್ನೆ ಚಹಾದಂಗಡಿಯಲ್ಲಿ ನನಗೇ ಗೊತ್ತಾಯಿತು! ಅದಕ್ಕೇ ಬರೆಯುತ್ತಿದ್ದೇನೆ. ಹಿಮಕುಸಿತದಲ್ಲಿ ಹೂತು ಇದ್ದದ್ದು ಒಂಬತ್ತು ನಿಮಿಷ.

ಕಳೆದ ಫೆಬ್ರುವರಿಯ ಒಂದು ಶನಿವಾರ. ಕೆನಡಾದ ಕ್ಯಾಲ್ಗರಿಯಿಂದ ನಾವು ನಾಲ್ವರು 400 ಕಿಲೋಮೀಟರ್ ಆಚೆಯ ರೆವೆಲ್‌ಸ್ಟೋಕ್ ಕಡೆಯ ಬೆಟ್ಟಗಳಿಗೆ ಸ್ನೋಮೊಬೈಲ್ ಓಡಿಸಲು ಹೋಗಿದ್ದೆವು. ಮುಂದೆ ಎರಡು ಸ್ಕೀ, ಹಿಂದೆ ಬುಲ್ಡೋಜರಿನಂತೆ ಸುತ್ತುವ ರಬ್ಬರ್ ಪಟ್ಟಿ, ಅದೇ ಆ ಗಾಡಿ. ಅಲ್ಲಿ ಹಿಮಕುಸಿತದ ಅಪಾಯ ಎಷ್ಟಿದೆ ಅಂತ ಅವಲಾಂಚ್ ಕೆನಡಾ ಸಂಸ್ಥೆ ಚಳಿಗಾಲದಲ್ಲಿ ದಿನಾ 1ರಿಂದ 5ರೊಳಗೆ ಒಂದು ಮಟ್ಟ ಹೇಳುತ್ತದೆ. ಅವತ್ತು 3. ಐದಕ್ಕೆ ಮೂರು ಅಂದರೆ ಫಸ್ಟ್ ಕ್ಲಾಸ್ ಅಂತ ತಮಾಷೆ ಮಾಡಿದೆ. 3 ಅಂದರೆ ಮನುಷ್ಯ ಹೋಗಿ ಕೆಣಕಿದರೆ ಮಂಜು ಜಾರುವ ಸಂಭವವೇ ಜಾಸ್ತಿ. ಹಿಮಕುಸಿತದ ಬಗ್ಗೆ ಮಾಡಿದ ಕೋರ್ಸಿನಲ್ಲಿ ಇದನ್ನು ಬರೆದುಕೊಂಡಿದ್ದೆ ಕೂಡ.

ಬೆಳಿಗ್ಗೆ ಗಾಡಿಯಿಂದ ಇಳಿದು ಹೆಜ್ಜೆ ಇಟ್ಟಾಗ ಕಾಲ ಕೆಳಗೆ 'ಧುಪ್' ಅಂತ ಟೊಳ್ಳು ಸದ್ದು ಬಂತು. ಕಿವಿಗಿಂತ ಹೊಟ್ಟೆಗೆ ತಾಗುವ ಸದ್ದು. ಒಳಗೊಂದು ಸಡಿಲ ಪದರ ಇರುತ್ತದೆ. ಮೇಲಿನ ಗಟ್ಟಿ ಪದರದ ಭಾರಕ್ಕೆ ಅದು ಕುಸಿದರೆ ಹಾಗೆ ಕೇಳುತ್ತದೆ. ಸಾಸಿವೆ ಚೆಲ್ಲಿ ಅದರ ಮೇಲೆ ಶಹಾಬಾದಿ ಫರಸಿ ಇಟ್ಟು ಓರೆ ಮಾಡಿದರೆ ಏನಾಗುತ್ತದೋ ಅದೇ ಆಗುವುದು. ಕೇಳಿಸಿತು. ಸುಮ್ನೆ ಗಾಡಿ ಹತ್ತಿದೆ.

ಮಧ್ಯಾಹ್ನ ಪಂಜಾಬಿ ಗೆಳೆಯನ ಗಾಡಿ ಇಳಿಜಾರಿನ ಅಂಚಿನಲ್ಲಿ ಹೂತುಕೊಂಡಿತು. ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ ಇರಬೇಕು, ಒಬ್ಬ ಸಿಕ್ಕಿಬಿದ್ದರೆ ಇನ್ನೊಬ್ಬ ಗಾಡಿ ಹತ್ತಿಸಬಾರದು. ಅಲ್ಲಿ ಕಲಿಸುವ ಮೊದಲ ಪಾಠವೇ ಇದು. ಆದರೆ ಬಂಡಿ ಕೆಸರಿನಲ್ಲಿ ಸಿಕ್ಕರೆ ಹೆಗಲು ಕೊಡಲು ಓಡುವ ಊರಿನವನು ನಾನು. ಹೋದೆ. ಅವನು ಎರಡೂ ಕೈ ಬೀಸಿ ಬೇಡ ಬೇಡ ಅನ್ನುತ್ತಿದ್ದ. ನಾನು ಬಾ ಅನ್ನುತ್ತಿದ್ದಾನೆ ಅಂದುಕೊಂಡೆ.

ಮೇಲೆ ಮಂಜಿನಲ್ಲಿ ಅಡ್ಡಕ್ಕೆ ಒಂದು ಬಿರುಕಿನ ಗೆರೆ ಬಿತ್ತು, ಪದರ ಜಾರಿತು. ಬೆನ್ನಿಗೆ ಏರ್‌ಬ್ಯಾಗ್ ಇತ್ತು, ಹಿಡಿ ಎಳೆದರೆ ಉಬ್ಬಿ ಮಂಜಿನ ಮೇಲೆ ಉಳಿಯಲು ನೆರವಾಗುವಂಥದ್ದು. ಎಳೆಯುವುದು ನೆನಪೇ ಆಗಲಿಲ್ಲ. ಹರಿಯುವಾಗ ಮಂಜು ನೀರಿನ ಹಾಗೆ, ನಿಂತ ಮರುಕ್ಷಣ ಸಿಮೆಂಟಿನ ಹಾಗೆ. ಕಿರುಬೆರಳೂ ಅಲುಗಲಿಲ್ಲ. ಒಂದು ಕೈ ಮುಖದ ಮುಂದಿತ್ತು, ಬೊಗಸೆಯಷ್ಟು ಗಾಳಿ. ಜೊಲ್ಲು ಕಿವಿಯ ಕಡೆ ಇಳಿಯಿತು, ಹಾಗಾಗಿ ಮಗ್ಗುಲಾಗಿ ಬಿದ್ದಿದ್ದೇನೆ ಅಂತ ತಿಳಿಯಿತು. ಮೇಲಿನವರ ದನಿ ನನಗೆ ಕೇಳುತ್ತಿತ್ತು. ನನ್ನ ಕೂಗು ಅವರಿಗೆ ಕೇಳಲಿಲ್ಲ.

ಕೆಳಗೆ ದೂರ ನಿಂತಿದ್ದ ಇಬ್ಬರಿಗೆ ನನ್ನ ಮೊದಲ ನಮಸ್ಕಾರ. ನಾವೆಲ್ಲ ಎದೆಗೆ ಕಟ್ಟಿಕೊಳ್ಳುವ, ರೇಡಿಯೋ ಸಂಕೇತ ಕಳಿಸುವ ಬೀಕನ್ ಇದೆಯಲ್ಲ, 457 ಕಿಲೋಹರ್ಟ್ಸ್‌ನಲ್ಲಿ ಒಂದೇ ಸಮ ಮಿಡಿಯುತ್ತಿರುತ್ತದೆ. ಅವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸಿ ಬಾಣದ ಗುರುತು ಹಿಡಿದು ಬಂದರು. 38 ಮೀಟರ್, 21, 6, ಆಮೇಲೆ ಒಂದೂವರೆ. ಉದ್ದನೆಯ ಕೋಲು ಚುಚ್ಚುತ್ತಾ ಹೋದರು. ಐದನೇ ಚುಚ್ಚು ನನ್ನ ತೊಡೆಗೆ ತಾಗಿತು. ಏಟು ತಿಂದು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಸೊಂಟದ ತನಕ ಮುಚ್ಚಿಹೋಗಿದ್ದ ಪಂಜಾಬಿ ಗೆಳೆಯ ತಾನೇ ಎದ್ದು ಬಂದು ಸಲಿಕೆ ಹಿಡಿದ. ಇಂಥದ್ದರಲ್ಲಿ ಹೆಲಿಕಾಪ್ಟರ್ ಕಾಯುತ್ತಾ ಕೂರುವಂತಿಲ್ಲ. ಹೂತವರನ್ನು 10 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆಯಾದರೆ ಮೂರೇ ಮಂದಿ.

ಕೋರ್ಸು ಕಲಿಸಿದ ಮೇಡಂಗೆ ಫೋನ್ ಮಾಡುವಾಗ ನಾಚಿಕೆಯಾಗಿತ್ತು. ಬೈಯಲಿಲ್ಲ. "ಮುಂದಿನ ಬ್ಯಾಚಿಗೆ ನೀನೇ ಬಂದು ಹೇಳು" ಅಂದರು. ಡಿಸೆಂಬರಿನಲ್ಲಿ ಹೋಗಿ ಹೇಳಿದೆ, ಫಸ್ಟ್ ಕ್ಲಾಸ್ ತಮಾಷೆಯನ್ನೂ ಬಿಡದೆ.

ಇನ್ನು ಊರು. ಅಲ್ಲಿ ಮಧ್ಯಾಹ್ನ ಮೂರಕ್ಕೆ ನಾನು ಫೋನ್ ಮಾಡಿದಾಗ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅವ್ವ ಕಿರುಚಿದ್ದು ಕೇಳಿ ಓಡಿ ಬಂದ ಪಕ್ಕದ ಮನೆ ಅಕ್ಕ ನಾಲ್ಕು ದಿನ ಅವಳನ್ನು ಬಿಟ್ಟು ಹೋಗಲಿಲ್ಲ. ರೊಟ್ಟಿ ಬಡಿದು ಎದುರು ಕೂತು ಉಣಿಸಿದಳು. ಹತ್ತನೇ ಕ್ಲಾಸಿನ ಗೆಳೆಯರು ವಾಟ್ಸಾಪಿನಲ್ಲಿ ಟಿಕೆಟ್ಟಿಗೆ ದುಡ್ಡು ಕೂಡಿಸಿದರು. ಬೇಕಾಗಲಿಲ್ಲ, ಆದರೂ ಯಾರು ಎಷ್ಟು ಹಾಕಿದ್ದಿರಿ ಅಂತ ನನಗೆ ಗೊತ್ತು.

ಅಪ್ಪ ಮೂವತ್ತು ವರ್ಷ ಚಿನ್ನದ ಗಣಿಯೊಳಗೆ ಇಳಿದವನು. ಸಬ್ಬಲ್ಲಿನಿಂದ ತಲೆ ಮೇಲಿನ ಬಂಡೆ ಬಡಿದು ನೋಡುವುದನ್ನು ನನಗೆ ಚಿಕ್ಕಂದಿನಲ್ಲೇ ಹೇಳಿದ್ದ. "ಖಣ್ ಅಂದ್ರ ಗಟ್ಟಿ. ಡಬ್ ಅಂದ್ರ ಅದರ ಕೆಳಗ ನಿಲ್ಲಬ್ಯಾಡ." ಅವತ್ತು ಫೋನಿನಲ್ಲಿ ಅವನು ಕೇಳಿದ್ದು ಒಂದೇ.

"ಸದ್ದು ಬಂದಿತ್ತೇನು?"

"ಬಂದಿತ್ತಪ್ಪಾ."

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದಕ್ಕೂ ಥ್ಯಾಂಕ್ಸ್ ಅಪ್ಪಾ.

ಈ ಸಲ ಬರುವಾಗ ಎರಡು ಬೀಕನ್ ತಂದಿದ್ದೆ. ನಿನ್ನೆ ಸೋದರಮಾವನ ಅಂಗಳದ ಹತ್ತಿ ರಾಶಿಯಲ್ಲಿ ಒಂದನ್ನು ಹುಗಿದೆ. ಇನ್ನೊಂದನ್ನು ಅಪ್ಪನ ಕೈಗೆ ಕೊಟ್ಟೆ. ಓಣಿಯ ಹುಡುಗರೆಲ್ಲ ಸುತ್ತ ನಿಂತರು. ಅಪ್ಪ ಕನ್ನಡಕ ಏರಿಸಿ, ರಾಶಿ ಸುತ್ತಿ, ಮೊಣಕಾಲೂರಿ, ಕೈ ತೂರಿಸಿ ತೆಗೆದ. ನಾಲ್ಕು ನಿಮಿಷ. ತಲೆಗೂದಲಿನ ತುಂಬ ಹತ್ತಿ.

"ಇನ್ನೊಮ್ಮೆ ಹುಗಿ" ಅಂದ. "ಈ ಸಲ ಆಳಕ್ಕ ಹುಗಿ."